ಒಂದೇ ಕಪ್ಪಿನ ಹಾಲು

"ದಿನಾ ಬೆಳಿಗ್ಗೆ ಯಾರ ಕತ್ತು ಹಿಸುಕ್ತೀರಿ ಮೇಡಂ?"

ಬಾಗಿಲು ತೆರೆದವಳಿಗೆ ಮೈಯೆಲ್ಲ ಉರಿದುಹೋಯಿತು. ಎದುರಿಗಿದ್ದವನು ಕೆಳಗಿನ ಮನೆಗೆ ಹೊಸದಾಗಿ ಬಂದವನು. ಮಕ್ಕಳ ಕಥೆ ಓದಿ ರೆಕಾರ್ಡ್ ಮಾಡುವುದು ಅವನ ಕೆಲಸ. ಕಥೆಯ ರಾಜಕುಮಾರಿಗೆ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಮೇಲಿನಿಂದ ಕಿರ್ರೋ ಎಂದು ಕೇಳಿಸುತ್ತದಂತೆ.

"ಕತ್ತಲ್ಲ, ಹಾಲು. ನನ್ನ ಮನೆ, ನನ್ನ ಮಷಿನ್, ನನ್ನ ಕಾಫಿ. ಏನೀಗ?"

ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಈ ಮೇಡಂ, ಗಂಡ ತೀರಿಕೊಂಡ ಮೇಲೆ ತನಗೆಂದೇ ಕೊಂಡ ಮೊದಲ ವಸ್ತು, ಉಗಿ ಹಾಯಿಸಿ ಹಾಲಿಗೆ ನೊರೆ ಬರಿಸುವ ಆ ಎಸ್ಪ್ರೆಸೊ ಕಾಫಿ ಮಷಿನ್. ಒಂಟಿ ಹೆಂಗಸಿಗೆ ಇದೆಲ್ಲ ಯಾಕೆ ಅಂತ ನೆಂಟರು ಕೊಂಕು ತೆಗೆದಿದ್ದರು. ತೆಗೆಯಲಿ ಬಿಡಿ, ಅವರ ಬಾಯಿಗೂ ಕೆಲಸ ಬೇಕಲ್ಲ!

ಅವನು ಅಡುಗೆಮನೆಯತ್ತ ಇಣುಕಿದ. "ಇಷ್ಟು ದೊಡ್ಡ ಜಗ್ಗಲ್ಲಿ ಇಷ್ಟೇ ಇಷ್ಟು ಹಾಲು! ಸ್ಟೀಮ್ ಪೈಪಿನ ತುದಿ ಮುಳುಗೋದೇ ಇಲ್ಲ, ಕಿರುಚದೆ ಇನ್ನೇನು ಮಾಡುತ್ತೆ? ಹಾಲು ಜಾಸ್ತಿ ಹಾಕಿ."

"ನಾನು ಕುಡಿಯೋದು ಒಂದೇ ಪುಟ್ಟ ಕಪ್ಪು. ಪೈಪಿಗೋಸ್ಕರ ಇನ್ನೊಂದು ಕುಡೀಲಾ?"

ಅವನು ನಕ್ಕುಬಿಟ್ಟ. "ಬೇಡಪ್ಪ. ನೀವು ಬದಲಾಗ್ಬೇಡಿ, ಜಗ್ಗು ಬದಲಾಗ್ಲಿ."

ಬದಲಾಗಬೇಡ ಅಂತ ಅವಳಿಗೆ ಈವರೆಗೆ ಯಾರೂ ಹೇಳಿದ್ದಿಲ್ಲ. ಬಾಗಿಲು ಹಾಕಿಕೊಂಡು ಹೋಗಿ ಆ ದೊಡ್ಡ ಜಗ್ಗನ್ನು ಕಪಾಟಿನ ಮೇಲಕ್ಕೆ ಎತ್ತಿಟ್ಟಳು.

ಮರುದಿನ ಅವನು ಅಂಗೈಯಲ್ಲಿ ಕೂರುವಂಥ ಪುಟ್ಟ ಜಗ್ಗು ತಂದ. ಇಬ್ಬರೂ ಪ್ರಯೋಗಕ್ಕಿಳಿದರು. ಹಾಲು ಚೂರೇ ಚೂರು, ಕಣ್ಣು ಮಿಟುಕಿಸುವಷ್ಟರಲ್ಲಿ ಕುದಿದೇ ಹೋಯಿತು. ಇನ್ನೊಮ್ಮೆ ಸೋಪಿನ ನೊರೆಯ ಹಾಗೆ ಉಬ್ಬಿತು. ಕೊನೆಗೆ ಪೈಪಿನ ತುದಿಯನ್ನು ಹಾಲಿನ ಮೇಲ್ಮೈಗೆ ತಾಗಿಸಿ, ಒಂದೇ ಉಸಿರಿನಷ್ಟು ಗಾಳಿ ಕೊಟ್ಟು, ಕೂಡಲೇ ತುಸು ಮುಳುಗಿಸಿದಳು. ಹಾಲು ಸದ್ದಿಲ್ಲದೆ ಗಿರಗಿರ ಸುತ್ತತೊಡಗಿತು.

ಬಿಸಿ ನೋಡಲು ಇಬ್ಬರ ಕೈಯೂ ಒಟ್ಟಿಗೇ ಜಗ್ಗಿಗೆ ಹೋಯಿತು.

"ಬಿಸಿ ಸಾಕಾ?" ಅವನ ದನಿ ಸಣ್ಣಗಾಗಿತ್ತು.

"ಹಾಲಿನ ವಿಷಯ ಕೇಳ್ತಿದೀರಾ?" ಅವಳು ಹುಬ್ಬೇರಿಸಿದಳು. ಅವನ ಕಿವಿ ಕೆಂಪಾಯಿತು.

ಅಂದಿಗೆ ಕಿರುಚಾಟ ನಿಂತಿತು. ಆದರೂ ಮಹಾಶಯ ದಿನಾ ಬೆಳಿಗ್ಗೆ ಹಾಜರು. "ಇನ್ನೂ ಸ್ವಲ್ಪ ಕೇಳಿಸುತ್ತೆ ಮೇಡಂ." ಹಸಿಹಸಿ ಸುಳ್ಳು! ಅವಳಿಗೂ ಗೊತ್ತಿತ್ತು, ಆ ಸುಳ್ಳಿಗೆ ಕಾಯುತ್ತಲೂ ಇದ್ದಳು. ಒಂದು ದಿನ ಅವನು ಬರುವುದು ತಡವಾದರೆ ಕಾಫಿ ಸಪ್ಪೆ ಎನಿಸುತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು, ಒಂದು ಸಂಬಂಧ ಹಿಡಿದುಕೊಂಡು. ಭಾವನ ಕಡೆಯವರು, ತುಂಬಿದ ಮನೆ. ಈ ಭಾನುವಾರವೇ ನೋಡಲು ಬರುತ್ತಾರಂತೆ.

"ಅಲ್ಲಿ ದೊಡ್ಡ ಪಾತ್ರೇಲಿ ಎಲ್ಲರಿಗೂ ಕಾಫಿ ಆಗುತ್ತೆ. ಈ ಆಟದ ಸಾಮಾನು ಮಾರಿಬಿಡು. ಮತ್ತೆ ಆ ಕೆಳಗಿನ ಮನೆಯವನು ದಿನಾ ಬರ್ತಾನಂತೆ, ನಿನಗಿಂತ ಚಿಕ್ಕವನು ಕಣೇ! ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನಾನ ಕರ್ಕೊಂಡು ಬಾ ಅಕ್ಕ. ನನ್ನ ಮುಖ ನೋಡಿ ಹೇಳಲಿ. ನಾನು ಇಲ್ಲಿಂದ ಕದಲಲ್ಲ, ಯಾರ ಮುಂದೆಯೂ ಕೂರಲ್ಲ."

ಆಗಲೇ ಬಾಗಿಲಲ್ಲಿ ಅವನು. ಅಕ್ಕನನ್ನು ನೋಡಿದ್ದೇ ಬಂದ ದಾರಿ ಹಿಡಿಯಹೊರಟ.

"ನಿಲ್ಲಿ!" ಅಂದಳು ಅವಳು. "ನೀವಂದ್ರೆ ನನಗಿಷ್ಟ. ಕದ್ದುಮುಚ್ಚಿ ಅಲ್ಲ, ಅಕ್ಕನ ಎದುರಿಗೇ ಹೇಳ್ತಿದೀನಿ."

ಅಕ್ಕ ತಲೆ ಮೇಲೆ ಕೈ ಹೊತ್ತಳು. "ಭಾನುವಾರ ಬರೋ ಹುಡುಗನ ಕಡೆಯವರಿಗೆ ನಾನೀಗ ಏನು ಹೇಳ್ಲಿ?"

"ನನ್ನ ಮದುವೆ ನಿಶ್ಚಯ ಆಗಿದೆ ಅಂತ ಹೇಳು."

"ಯಾವಾಗ ಆಯ್ತು?" ಕೇಳಿದ್ದು ಅಕ್ಕನಲ್ಲ, ಅವನು.

"ಈಗ. ಬೇಡ ಅನ್ನೋದಿದ್ರೆ ಅನ್ನಿ."

ಕಥೆ ಓದಿ ಹೊಟ್ಟೆ ಹೊರೆಯುವವನು ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ಬಂದ, ಅಕ್ಕನ ಕಣ್ಣೆದುರೇ ಅವಳ ಕೈ ಹಿಡಿದುಕೊಂಡ.