ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯಲಿ

"ಎಂಟನೇ ಕ್ಲಾಸೂ ದಾಟದವನ ಕೈಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾಗ್ತೈತೆ? ಹೋಗು, ಎಮ್ಮೆ ಕಾಯಿ ಹೋಗು!"

ಹೊನ್ನಾಳಿಯ ಮಲ್ಲೇಶಪ್ಪನವರ ಫೋಟೋ ಸ್ಟುಡಿಯೋ ಗಕ್ಕನೆ ಮೌನವಾಯಿತು. ಪಾಸ್‌ಪೋರ್ಟ್ ಫೋಟೋಗೆಂದು ತಲೆ ಬಾಚುತ್ತಿದ್ದವರ ಬಾಚಣಿಗೆ ಅಲ್ಲೇ ನಿಂತಿತು. ಮದುವೆ ಆಲ್ಬಮ್ ನೋಡಲು ಬಂದಿದ್ದ ಬೀಗರು ಕತ್ತು ಚಾಚಿದರು. ಯಾರೋ ಕಿಸಕ್ಕನೆ ನಕ್ಕರು.

ಅಂದವಳು ಸಂಘಮಿತ್ರಾ, ಸ್ಟುಡಿಯೋದಲ್ಲಿ ಆಲ್ಬಮ್ ಡಿಸೈನ್ ಮಾಡುವವಳು. ಅನ್ನಿಸಿಕೊಂಡವನು ಮೈಲಾರಿ, ಪಕ್ಕದೂರು ನ್ಯಾಮತಿಯ ಬಸ್‌ಸ್ಟ್ಯಾಂಡ್ ಎದುರು ಕಂಪ್ಯೂಟರ್ ರಿಪೇರಿ ಮಾಡುವವನು. ನಿನ್ನೆಯವರೆಗೂ ಅವಳ ಬಾಯಲ್ಲಿ 'ನೀವು' ಆಗಿದ್ದವನು ಇವತ್ತು ನಾಲ್ಕು ಜನರ ಮುಂದೆ 'ನೀನು' ಆಗಿದ್ದ!

"ನಮ್ಮಪ್ಪನ ವಿಡಿಯೋ ಎಲ್ಲಿ? ಬಾಯಿ ಬಿಡು!"

ಮೈಲಾರಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಚೀಲವನ್ನು ಮೇಜಿನ ಮೇಲಿಟ್ಟ. ಹೇಳಲು ಮಾತಿತ್ತು... ಆದರೆ ಆ ಮಾತು ಹೊರಬಂದರೆ ಅವಳ ಮನಸ್ಸಿನ ಗಾಯ ಈ ಬೀಗರೆದುರು ಬೆತ್ತಲಾಗುತ್ತಿತ್ತು. ಓದದವನಿಗೂ ಅಷ್ಟು ತಿಳಿಯುತ್ತದೆ.

"ಮಲ್ಲೇಶಣ್ಣ, ಆ ಕಪ್ಪು ಡಬ್ಬ ನನಗೆ ಕೊಡಿ" ಎಂದ. ಡಬ್ಬವೆಂದರೆ ಕಂಪ್ಯೂಟರಿನಲ್ಲಿದ್ದುದೆಲ್ಲದರ ದಿನಾ ಸಂಜೆ ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಹಾರ್ಡ್‌ಡಿಸ್ಕ್. ಅದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದ. ಅವನ ಸ್ಕ್ರೂಡ್ರೈವರ್ ಚೀಲ ಮೇಜಿನ ಮೇಲೆಯೇ ಉಳಿಯಿತು.

ಮಲ್ಲೇಶಪ್ಪನವರದೊಂದು ಪದ್ಧತಿ. ಪ್ರತಿ ಅಮಾವಾಸ್ಯೆಗೆ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ, ಹಳೆಯ ಫೋಲ್ಡರುಗಳನ್ನೆಲ್ಲ ಒಂದೇ ಏಟಿಗೆ ಅಳಿಸುವುದು. "ಹೊಸಾ ಮದುವಿಗೆ ಜಾಗ ಬೇಕಲ್ರೀ! ಹಳೇವು ಡಬ್ಬದಾಗೆ ಇರ್ತಾವೆ" ಎನ್ನುವುದು ಅವರ ಧೈರ್ಯ. ಈ ಅಮಾವಾಸ್ಯೆಗೂ ಹಾಗೆಯೇ ಅಳಿಸಿದರು. ಮರುದಿನ ಡಬ್ಬ ತೆರೆದರೆ ಅಲ್ಲೂ ಖಾಲಿ! ಹೋದವುಗಳಲ್ಲಿ ಸಂಘಮಿತ್ರಾಳ ತಂದೆ ಓಬಣ್ಣನ ವಿಡಿಯೋ ಒಂದು. ಓಬಣ್ಣ ಈಗಿಲ್ಲ. ಅವನು ನಡೆದಾಡಿ, ಮಾತಾಡಿ ಉಳಿದಿದ್ದು ಅದೊಂದರಲ್ಲೇ.

ಡಬ್ಬದ ಏರ್ಪಾಡನ್ನೆಲ್ಲ ಮಾಡಿಕೊಟ್ಟಿದ್ದವನು ಮೈಲಾರಿ. ಹಾಗಾಗಿ ತಪ್ಪು ಅವನದೇ... ಅಲ್ಲವೇ?

ಹುಣ್ಣಿಮೆ ಹೊತ್ತಿಗೆ ಮಲ್ಲೇಶಪ್ಪ ಹೊಸ ಡಬ್ಬ ತಂದರು. "ಮೈಲಾರಿ ಅಂಗಡಿ ಬಾಗಿಲು ಹಾಕ್ಯಾನೆ ಕಣಮ್ಮ, ಜಗಳೂರಿಗೆ ಹೋದ್ನಂತೆ. ನೀನೇ ಹೆಂಗಾರ ಮಾಡಿ ಕೂರ್ಸು."

ಸಂಘಮಿತ್ರಾ ಮೊದಲ ಸಲ ತಾನೇ ಬ್ಯಾಕಪ್ಪಿನ ಜನರಲ್ ಸೆಟ್ಟಿಂಗ್ಸ್ ತೆರೆದಳು. ಸಾಲಾಗಿ ಪುಟ್ಟ ಚೌಕಗಳು. ಕಂಪ್ಯೂಟರ್ ಆನ್ ಆದ ಕೂಡಲೇ ಶುರುವಾಗು. ಕೆಲಸ ಮುಗಿದರೆ ಮೆಸೇಜ್ ತೋರಿಸು. ಅದರ ಕೆಳಗೆ... ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸು.

ಆ ಚೌಕದಲ್ಲಿ ಟಿಕ್ ಇತ್ತು.

ಅಮಾವಾಸ್ಯೆಗೆ ನಾಲ್ಕು ದಿನ ಮುಂಚಿನ ಆ ಸಂಜೆ... ಅಯ್ಯೋ, ಆ ಸಂಜೆ!

ಅವಳ ನಿಶ್ಚಿತಾರ್ಥ ಮುರಿದುಬಿದ್ದ ಹೊಸತು. ಮದುವೆಯಾಗಬೇಕಿದ್ದ ರವಿಕುಮಾರನ ಪಕ್ಕ ನಿಂತ ತನ್ನ ಫೋಟೋಗಳನ್ನು ಕಂಪ್ಯೂಟರಿನಿಂದ ಅಳಿಸಿದ್ದಳು. ಆದರೆ ಡಬ್ಬ ತೆರೆದಾಗಲೆಲ್ಲ ಅವನು ಅಲ್ಲಿ ಹಲ್ಲು ಬಿಟ್ಟುಕೊಂಡು ನಿಂತೇ ಇರುತ್ತಿದ್ದ. ಡಬ್ಬದೊಳಗೆ ಯಾರೂ ಕೈಹಾಕಿ ಅಳಿಸಬಾರದೆಂಬುದು ಮಲ್ಲೇಶಪ್ಪನವರ ಕಟ್ಟುನಿಟ್ಟು.

"ಅಳ್ಸಿದ್ರೂ ಸಾಯಾಕಿಲ್ಲಲ್ರೀ ಇದು..." ಎಂದು ಮೈಲಾರಿಯ ಮುಂದೆ ಅತ್ತಿದ್ದಳು.

ಮೈಲಾರಿ ಏನನ್ನೂ ಕೇಳಿರಲಿಲ್ಲ. ಮೌಸ್ ಹಿಡಿದು ಎಲ್ಲೋ ಒಂದು ಕಡೆ ಒತ್ತಿದ್ದ. "ಹೊತ್ತು ಮುಳುಗೋದ್ರೊಳಗೆ ಸಾಯ್ತೈತೆ ಬಿಡ್ರಿ ಮೇಡಂ. ತಿಥಿ ಊಟಕ್ಕೆ ನನ್ನೂ ಕರೀರಿ" ಎಂದಿದ್ದ. ಎಷ್ಟೋ ದಿನಗಳ ಮೇಲೆ ಅವಳು ಗೊಳ್ಳೆಂದು ನಕ್ಕಿದ್ದಳು.

ತಂದೆಯನ್ನು ಅಳಿಸಿದ್ದು ಅದೇ ಟಿಕ್.

'ನನಗಾಗಿ ಮಾಡಿದ್ದ... ನನ್ನಿಂದಲೇ ಅನ್ನಿಸಿಕೊಂಡ... ಒಂದು ಮಾತು ಆಡಲಿಲ್ಲವಲ್ಲ!'

ಮರುದಿನ ಬೆಳಿಗ್ಗೆಯೇ ಸ್ಕ್ರೂಡ್ರೈವರ್ ಚೀಲ ಹಿಡಿದು ಜಗಳೂರಿಗೆ ಹೊರಟಳು. ಹೋಗಲು ಅವಳಿಗಿದ್ದ ನೆಪ ಅದೊಂದೇ.

ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲಿ ಅವನು ಯಾರದೋ ಕೈಕೆಳಗೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದು ಹೊರಗೆ ಬಂದ. ಎದುರಿನ ಚಹಾ ಅಂಗಡಿಯಲ್ಲಿದ್ದವರು ಗ್ಲಾಸು ಹಿಡಿದೇ ಇತ್ತ ತಿರುಗಿದರು.

"ಆ ಟಿಕ್ ನೋಡಿದೆ" ಎಂದಳು. "ಯಾಕ್ರೀ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ತಪ್ಪು ನಂದೂ ಐತೆ. ಮಾರನೇ ದಿನ ಬಂದು ಟಿಕ್ ತೆಗೀಬೇಕಿತ್ತು."

"ಮತ್ತೆ?"

ಅವನು ನೆಲ ನೋಡಿದ. "ನೀವು ಅವತ್ತು ನಕ್ಕುಬಿಟ್ರಿ ಮೇಡಂ... ಮರ್ತೆ."

ಅವನು ಜೇಬಿನಿಂದ ಮೊಬೈಲ್ ತೆಗೆದ. "ಡಬ್ಬಾನ ಕೆರ್ದು ಕೆರ್ದು ಹುಡುಕ್ದೆ. ಮುಖ ಸಿಗ್ಲಿಲ್ಲ. ದನಿ ಒಂಚೂರು ಸಿಕ್ತು."

ಕರಕರ ಎನ್ನುವ ಸದ್ದು. ಪಾತ್ರೆ ಬಿದ್ದ ಸದ್ದು. ಅದರ ನಡುವಿನಿಂದ ಓಬಣ್ಣ...

"ಮಿತ್ರಾ, ನಗವ್ವಾ... ಒಂಚೂರು ನಗು, ನಿಮ್ಮಪ್ಪ ನೋಡ್ಬೇಕು..."

ಅಷ್ಟೇ. ಮತ್ತೆ ಕರಕರ ಎಂದು ನಿಂತುಹೋಯಿತು. ಸಂಘಮಿತ್ರಾ ರಸ್ತೆಯಲ್ಲೇ ಬಿಕ್ಕಿದಳು. ಅಪ್ಪ ಕೇಳಿದ ನಗು ಅವತ್ತೂ ಕೊಟ್ಟಿರಲಿಲ್ಲ, ಇವತ್ತೂ ಬರಲಿಲ್ಲ.

"ತಪ್ಪಾಯ್ತು ಮೈಲಾರಿ" ಎಂದಳು ಮೆಲ್ಲಗೆ.

"ಬಿಡ್ರಿ." ಅವನ ಕಣ್ಣು ಉರಿಯುತ್ತಿತ್ತು. "ಅನ್ನೋವಾಗ ಊರಿಗೆಲ್ಲ ಕೇಳೋ ಹಂಗೆ ಅಂದ್ರಿ. ಈಗ ನನಗೊಬ್ಬನಿಗೆ ಕೇಳೋ ಹಂಗೆ ಅಂತೀರಿ."

ಆ ಮಾತು ಅವಳ ಕೆನ್ನೆಗೆ ಬಾರಿಸಿದಂತಾಯಿತು. ಕಣ್ಣೊರೆಸಿಕೊಂಡಳು. ಚಹಾ ಅಂಗಡಿಯತ್ತ ತಿರುಗಿ ದನಿಯೆತ್ತಿದಳು.

"ಕೇಳಿಸ್ಕೊಳ್ರಿ ಎಲ್ಲಾರೂ! ಇವ್ರನ್ನ ನಾಲ್ಕು ಜನರ ಮುಂದೆ ಎಮ್ಮೆ ಕಾಯಿ ಹೋಗು ಅಂದೋಳು ನಾನು! ನನ್ನ ದುಃಖ ಅಳ್ಸಾಕೆ ಹೋಗಿ ಇವ್ರು ಕೆಟ್ಟೋರಾದ್ರು! ಇವ್ರ ಮಾನ ಕಳ್ದೋಳು ನಾನು!"

ಚಹಾ ಸೋಸುತ್ತಿದ್ದವನ ಕೈ ನಿಂತಿತು. "ಏನ್ರಪ್ಪೋ, ಮದ್ವಿ ಊಟ ಐತೇನೋ?" ಎಂದು ಯಾರೋ ಪಿಸುಗುಟ್ಟಿದರು. "ಸುಮ್ಕಿರೋ, ಆ ಹುಡ್ಗಿ ಅಳ್ತೈತೆ" ಎಂದರು ಪಕ್ಕದವರು.

ಅವಳು ಮೈಲಾರಿಯತ್ತ ತಿರುಗಿದಳು.

"ಅವತ್ತು ನಾನು ನಕ್ಕಿದ್ದು ನಿಮ್ಮಿಂದ. ಇನ್ನೂ ನಗ್ಬೇಕು ಅಂದ್ರೆ ನೀವೇ ಬೇಕು ನನಗೆ... ಬರ್ತೀರಾ ಹೊನ್ನಾಳಿಗೆ?"

ಮೈಲಾರಿ ಅವಳನ್ನೇ ನೋಡಿದ. ಒಂದು ಪೆನ್‌ಡ್ರೈವ್ ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಹಾಗೆಯೇ ಹಿಡಿದು ನಿಂತ. ಅವನ ಕೈ ಬೆಚ್ಚಗಿತ್ತು.

"ದನಿ ಅದ್ರಾಗೈತೆ. ಎರಡ್ಮೂರು ಕಡೆ ಕಾಪಿ ಮಾಡಿ ಇಟ್ಕೊಳ್ರಿ. ಒಂದನ್ನೇ ನಂಬ್ಕೋಬ್ಯಾಡ್ರಿ."

"ನಾನು ಕೇಳಿದ್ದು ಅದಲ್ಲ ಮೈಲಾರಿ..."

ಅವನು ಅವಳ ಕಂಕುಳಿನಿಂದ ತನ್ನ ಸ್ಕ್ರೂಡ್ರೈವರ್ ಚೀಲ ತೆಗೆದುಕೊಂಡ. ಅವಳಲ್ಲಿ ಉಳಿದಿದ್ದ ಒಂದೇ ನೆಪವೂ ಹೋಯಿತು.

"ಹೇಳ್ರೀ... ಬರ್ತೀರಾ?"

ಚೀಲವನ್ನು ಹೆಗಲಿಗೇರಿಸಿ ಅವನು ಹೊನ್ನಾಳಿ ಬಸ್ಸನ್ನೂ ದಾಟಿ, ತಿರುಗಿ ನೋಡದೆ, ಬಸ್ಸುಗಳ ಧೂಳಿನೊಳಗೆ ನಡೆದುಹೋದ.