ಟಿಕಿರಿ ಹತ್ತದ ಮೇಜು

"ಬಾಲ ಅಲ್ಲಾಡಿಸ್ತಿದಾಳೆ ನೋಡಿ ಮಿಸ್. ಖುಷಿಯಾಗಿದಾಳೆ. ಧೈರ್ಯವಾಗಿ ಮುಟ್ಟಿ," ಅಂದ ಆನ್ಸ್ಲಮ್.

ತನ್ನ ಕ್ಲಿನಿಕ್ಕಿಗೆ ಬಂದ ನಾಯಿಯನ್ನು ಪಶುವೈದ್ಯೆ ಡಾಕ್ಟರ್ ದಿಲ್ರುಕ್ಷಿ ಮುಟ್ಟಲಿಲ್ಲ. ಟಿಕಿರಿಯ ಬಾಲ ಕಡ್ಡಿಯಂತೆ ಸೆಟೆದು, ತುದಿಯಷ್ಟೇ ಅದುರುತ್ತಿತ್ತು. ಕಿವಿ ಹಿಂದಕ್ಕೆ ಅಂಟಿತ್ತು. ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿತ್ತು. ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆ ಮತ್ತೆ ಮತ್ತೆ ಮೂಗು ಸವರುತ್ತಿತ್ತು.

"ಇದು ಖುಷಿಯಲ್ಲ. ಹತ್ತಿರ ಬಂದ್ರೆ ಕಚ್ತೀನಿ ಅಂತ ಮರ್ಯಾದೆಯಾಗಿ ಹೇಳ್ತಿದಾಳೆ."

"ನಮ್ಮನೆ ನಾಯಿ ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಬೆಲ್ಟನ್ನ ಯಾಕೆ ಹಾಗೆ ಬಿಗಿಹಿಡಿದಿದೀರಿ? ನಿಮ್ಮ ಬೆರಳು ಬಿಳಚಿಕೊಂಡಿದೆ. ನಿಮ್ಮ ಭಯ ಆ ಪಟ್ಟಿಯಲ್ಲೇ ಇಳಿದು ಅವಳಿಗೆ ಹೋಗ್ತಿದೆ."

ಅವನು ತನ್ನ ಕೈ ನೋಡಿಕೊಂಡ. ಶ್ರೀಲಂಕಾದ ನಿಗೊಂಬೋ ಬಂದರಿನಲ್ಲಿ ದೋಣಿಗಳ ಇಂಜಿನ್ ಬಿಚ್ಚಿ ಜೋಡಿಸುವ ಗಟ್ಟಿ ಕೈ ಅದು. ಆದರೂ ಪಟ್ಟಿ ಸಡಿಲಿಸಲಿಲ್ಲ.

"ಇವಳು ನನ್ನ ಹೆಂಡತಿ ಸಾಕಿದ ನಾಯಿ, ಮಿಸ್," ಅಂದ ಮೆಲ್ಲಗೆ. "ಹೋದ ವರ್ಷ ಸುಜಾನಿ ಇವಳಿಗೆ ಇಂಜೆಕ್ಷನ್ ಹಾಕಿಸ್ಕೊಂಡು ತ್ರೀವೀಲರ್‌ನಲ್ಲಿ ವಾಪಸ್ ಬರ್ತಿದ್ಲು. ಲಾರಿ ಗುದ್ದಿತು. ಮನೆಗೆ ಬಂದಿದ್ದು ಇವಳೊಬ್ಬಳೇ."

ದಿಲ್ರುಕ್ಷಿ ಟಿಕಿರಿಗೆ ಪಕ್ಕೆ ತೋರಿಸುವಂತೆ ನೆಲದ ಮೇಲೆ ಕೂತಳು. ಅವಳತ್ತ ನೋಡದೆಯೇ ಒಣಮೀನಿನ ಚೂರೊಂದನ್ನು ದೂರಕ್ಕೆ ಎಸೆದಳು.

"ಇವತ್ತು ಸೂಜಿ ಇಲ್ಲ, ಪರೀಕ್ಷೆಯ ಮೇಜೂ ಇಲ್ಲ. ಆಗಾಗ ಬನ್ನಿ. ಮೀನು ತಿಂದು ಹೋಗಿ."

"ನಾನೂನಾ?"

"ನಿಮಗೆ ಟೀ," ಅಂದಳು. ಅವನು ನಕ್ಕ. ನಗುವುದು ಅಭ್ಯಾಸ ತಪ್ಪಿದವನ ನಗು.

ಹಾಗೆ ಬರತೊಡಗಿದರು. ಗೇಟಿನ ತನಕ, ಬಾಗಿಲ ತನಕ, ಒಂದು ದಿನ ಒಳಗೆ ಚಾಪೆಯ ತನಕ. ಟಿಕಿರಿ ಆಕಳಿಸಿದರೆ ಅವನೇ, "ನಿದ್ದೆಯಲ್ಲ, ಕಸಿವಿಸಿ. ಹೊರಗೆ ಸುತ್ತಾಡಿಸ್ಕೊಂಡು ಬರ್ತೀನಿ," ಅನ್ನುವಷ್ಟು ಕಲಿತ. ಬೆಲ್ಟು ಅವನ ಬೆರಳಲ್ಲಿ ಸಡಿಲವಾಗಿ ತೂಗುತ್ತಿತ್ತು. ಬೆಲ್ಲ ಕಚ್ಚಿಕೊಂಡು ಹಾಲಿಲ್ಲದ ಟೀ ಕುಡಿಯುತ್ತ ಇಬ್ಬರೂ ಚಾಪೆಯ ಎರಡು ತುದಿಯಲ್ಲಿ ಕೂರುತ್ತಿದ್ದರು.

"ಮಿಸ್, ನೀವು ಈ ಕಡೆ ನೋಡೋದೇ ಇಲ್ವಲ್ಲ?"

"ನೇರವಾಗಿ ನೋಡಿದ್ರೆ ಅವಳಿಗೆ ಭಯ."

"ನಾನು ಕೇಳಿದ್ದು ನನ್ನ ವಿಷಯ."

ದಿಲ್ರುಕ್ಷಿಯ ಕಿವಿ ಬಿಸಿಯಾಯಿತು. ಲೋಟ ಎತ್ತಿ ಮುಖ ಮರೆಸಿಕೊಂಡಳು. ಆದರೂ ಆ ದಿನ ಒಂದು ಸಲ ನೋಡಿದಳು. ಅವನು ಕಾಯುತ್ತಲೇ ಇದ್ದ.

ಮಳೆ ನಿಂತ ಒಂದು ಬೆಳಿಗ್ಗೆ ಟಿಕಿರಿ ತಾನಾಗಿ ಬಂದು ಅವಳ ತೊಡೆಗೆ ಒರಗಿ, ನಿಟ್ಟುಸಿರು ಬಿಟ್ಟು ಹೊಟ್ಟೆ ತೋರಿಸಿ ಮಲಗಿದಳು. ಆನ್ಸ್ಲಮ್ ಉಸಿರು ಬಿಗಿಹಿಡಿದು ನೋಡಿದ. ದಿಲ್ರುಕ್ಷಿ ಮೆಲ್ಲಗೆ ಸವರಿದಳು. ಪಕ್ಕೆಲುಬಿನ ಕೆಳಗೆ ಅವಳ ಬೆರಳು ನಿಂತುಹೋಯಿತು.

ಗಡ್ಡೆ. ಚಾಪೆಯ ಮೇಲೆಯೇ ಸ್ಕ್ಯಾನ್ ಮಾಡಿದಳು. ಆಗಲೇ ಎಲ್ಲ ಕಡೆ ಹರಡಿತ್ತು.

"ಮೊದಲ ದಿನವೇ ಹಿಡಿದು ಕಟ್ಟಿ ಪರೀಕ್ಷೆ ಮಾಡಿದ್ದಿದ್ರೆ..." ಅಂದಳು ದಿಲ್ರುಕ್ಷಿ.

"ಮಾಡಿದ್ದಿದ್ರೆ ಎರಡನೇ ದಿನ ನಾವು ಬರ್ತಿರಲಿಲ್ಲ." ಅವನು ನಾಯಿಯ ತಲೆಯ ಮೇಲಿಂದ ಕೈ ತೆಗೆಯಲಿಲ್ಲ. "ಸುಜಾನಿ ಹೋದ ಮೇಲೆ ಇವಳು ಬೇರೆ ಯಾರ ಹತ್ತಿರಾನೂ ಹೀಗೆ ಮಲಗಿಲ್ಲ, ಮಿಸ್. ನನ್ನ ಹತ್ತಿರ ಕೂಡ."

ಟಿಕಿರಿ ಊಟ ಬಿಟ್ಟ ದಿನ ಅವನು ಫೋನ್ ಮಾಡಿದ. "ಅಲ್ಲಿಗೆ ಕರ್ಕೊಂಡು ಬರಲ್ಲ. ನೀವೇ ಬರ್ತೀರಾ?"

ಅವನ ಮನೆಯ ಹಿತ್ತಲಿನ ದೀಗುಜ್ಜೆ ಮರದ ಕೆಳಗೆ, ಸುಜಾನಿಯ ಹಳೆಯ ಸೀರೆಯ ಮೇಲೆ ಟಿಕಿರಿ ಮಲಗಿದ್ದಳು. ನೋವು ಮುಗಿಸುವ ಸೂಜಿ ನೋಡಿಯೂ ಕಿವಿ ಹಿಂದೆ ಹೋಗಲಿಲ್ಲ. ಬಾಲ ನೆಲಕ್ಕೆ ಮೆತ್ತಗೆ ಬಡಿಯಿತು. ದಿಲ್ರುಕ್ಷಿಯ ಅಂಗೈ ನೆಕ್ಕಿ, ಅಲ್ಲೇ ಮೂತಿ ಇಟ್ಟು ಕಣ್ಣು ಮುಚ್ಚಿದಳು.

ಅದೇ ಮರದ ಬುಡದಲ್ಲಿ ಅವಳನ್ನು ಇಟ್ಟು, ಇಬ್ಬರೂ ಸೇರಿ ಮಣ್ಣು ಎಳೆದರು. ಆಮೇಲೆ ಅವನು ಬಾವಿಯಿಂದ ನೀರು ಸೇದಿ ದಿಲ್ರುಕ್ಷಿಯ ಕೈಗೆ ಹೊಯ್ದ. ಉಗುರಿನ ಸಂದಿಯ ಮಣ್ಣನ್ನು ತಾನೇ ಉಜ್ಜಿ ತೊಳೆದ. ತೊಳೆದ ಮೇಲೂ ಕೈ ಬಿಡಲಿಲ್ಲ.

"ಇನ್ನು ಅಲ್ಲಿಗೆ ಬರೋಕೆ ನನಗೆ ಕಾರಣ ಇಲ್ಲ," ಅಂದ.

"ಕಾರಣ ಬೇಕಾ, ಆನ್ಸ್ಲಮ್?" ಮೊದಲ ಸಲ ಹೆಸರು ಹಿಡಿದು ಕರೆದಿದ್ದಳು.

ಅವನ ಕಣ್ಣು ತುಂಬಿತು. "ನಿಮ್ಮಲ್ಲಿಂದ ಪ್ರತಿ ಸಲ ಖುಷಿಯಾಗೇ ಮನೆಗೆ ಬರ್ತಿದ್ದೆ. ದಾರಿಯುದ್ದಕ್ಕೂ ಟಿಕಿರಿಯ ಮುಖ ನೋಡೋಕೆ ನಾಚಿಕೆ. ನೀವು ನನಗೆ ಬೇಕು. ಆದ್ರೆ ಸುಜಾನಿ ಇನ್ನೂ ಮನೆಯಲ್ಲೇ ಇದಾಳೆ. ಅವಳನ್ನ ಹೋಗು ಅನ್ನೋಕೆ ನನಗೆ ಬಾಯಿ ಬರಲ್ಲ."

"ಅನ್ನಬೇಡಿ."

"ನೀವು ಕಾಯಬೇಡಿ ಅಂತ ಕೂಡ ಹೇಳೋಕಾಗ್ತಿಲ್ಲ."

"ಅದನ್ನೂ ಹೇಳಬೇಡಿ," ಅಂದಳು ದಿಲ್ರುಕ್ಷಿ. ನಗಲು ಹೋದಳು, ಆಗಲಿಲ್ಲ.

ಬಸ್ ಸ್ಟಾಪಿನವರೆಗೂ ಅವನು ಅವಳ ಚೀಲ ಹೊತ್ತು ಬಂದ. ಬಸ್ಸು ಬಂತು. ಕಂಡಕ್ಟರ್ "ಹತ್ತಿ, ಹತ್ತಿ" ಅಂದ. ಅವಳು ಹತ್ತಲಿಲ್ಲ. ಬಸ್ಸು ಹೋಯಿತು. ಆನ್ಸ್ಲಮ್ ಚೀಲವನ್ನು ಕೆಳಗಿಟ್ಟು, ಅಷ್ಟು ಜನರ ನಡುವೆ ಅವಳ ಭುಜಕ್ಕೆ ಹಣೆ ಊರಿ, ಸುಜಾನಿ ಸತ್ತ ದಿನವೂ ಅಳದವನು ಜೋರಾಗಿ ಅತ್ತ.