ಹತ್ತೊಂಬತ್ತನೆಯ ಬರಹ

ಸೊನ್ನೆ!

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿಸ್ಟರ್ ಕಂಪ್ಯೂಟರ್ ತೆರೆದರೆ ತಮ್ಮ ಬ್ಲಾಗಿನ 'ಏಳನೇ ನಂಬರ್' ಎಂಬ ವಿಭಾಗದ ಮುಂದೆ ಸೊನ್ನೆ. ನಿನ್ನೆ ಸಂಜೆ ಐದಕ್ಕೆ ಅದೇ ಜಾಗದಲ್ಲಿ ಹದಿನೆಂಟು ಇತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸೊನ್ನೆಯೇ. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯನ್ನು ಒತ್ತಿದರು. ಅದನ್ನೂ ಯಾರೋ ಚೊಕ್ಕಟ ಮಾಡಿದ್ದರು.

"ಯಾರ್ರೀ ಅದು ನನ್ನ ಬರಹಕ್ಕೆ ಕೈ ಹಾಕಿದ್ದು?"

ಆ ಕೂಗಿಗೆ ಅಡುಗೆಮನೆಯಲ್ಲಿದ್ದ ಅಣ್ಣನ ಮಗಳು ಓಡಿಬಂದಳು. ಹಜಾರದಲ್ಲಿ ಪೇಪರ್ ಓದುತ್ತಿದ್ದ ತಮ್ಮ ಎದ್ದು ನಿಂತ. ಮಹಡಿ ಮನೆಯ ಲೈಬ್ರರಿ ಮೇಡಂ ಕಿಟಕಿಯಿಂದ ಬಗ್ಗಿ, "ಏನಾಯ್ತು ಸಿಸ್ಟರ್?" ಎಂದರು.

ಆಗಿದ್ದು ಸಣ್ಣ ವಿಷಯವಲ್ಲ. ಡಬ್ಬ ತಯಾರಿಸುವ ಕಾರ್ಖಾನೆಯ ಔಷಧಾಲಯದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು ಸಿಸ್ಟರ್. ನಿವೃತ್ತರಾದರೂ ಆ ಹೆಸರು ಬಿಟ್ಟಿರಲಿಲ್ಲ. ಹದಿನಾಲ್ಕು ವರ್ಷದಿಂದ ಬ್ಲಾಗ್ ಬರೆಯುತ್ತಿದ್ದರು: ಯಾರಿಗೆ ಪೆಟ್ಟಾಯಿತು, ಯಾವ ಯಂತ್ರದಲ್ಲಿ, ಯಾರ ಅಸಡ್ಡೆಯಿಂದ. ಎರಡು ಸಾವಿರದ ನೂರ ನಲವತ್ತು ಬರಹ. ಒಂದಕ್ಕೂ ನೆಟ್ಟಗೆ ತಲೆಬರಹವಿಲ್ಲ! ಹುಡುಗಿಯೊಬ್ಬಳ ಜಡೆ ಯಂತ್ರದ ಬೆಲ್ಟಿಗೆ ಸಿಕ್ಕ ಕಥೆಗೆ 'ತಲೆಗೂದಲ ಆರೈಕೆ' ಎಂದು ಹೆಸರಿಟ್ಟ ಮಹಾತಾಯಿ ಅವರು.

ಮೂರು ತಿಂಗಳ ಹಿಂದೆ ತಗಡು ಕತ್ತರಿಸುವ ಏಳನೇ ನಂಬರ್ ಯಂತ್ರ ಒಬ್ಬ ಹೆಂಗಸಿನ ಬಲಗೈಯ ಮೂರು ಬೆರಳು ತಿಂದಿತ್ತು. ಯಂತ್ರದ ಗಾರ್ಡ್, ಅಂದರೆ ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ, ಕಿತ್ತಿಟ್ಟಿದ್ದರು. ಆಡಳಿತದವರು ಮಾತ್ರ, "ಯಂತ್ರದ್ದು ಯಾವತ್ತೂ ತಕರಾರಿಲ್ಲ, ಅವಳೇ ಹರಟೆ ಹೊಡೀತಾ ಕೈ ಕೊಟ್ಟಳು" ಎನ್ನುತ್ತಿದ್ದರು. ನಾಳೆ ಸೋಮವಾರ ಹತ್ತಕ್ಕೆ ವಿಚಾರಣೆ. ಯಾವತ್ತೂ ತಕರಾರಿಲ್ಲವೇ? ಆರು ವರ್ಷದಿಂದ ಅದೇ ಯಂತ್ರ ಯಾರ್ಯಾರ ಕೈ ಕಚ್ಚಿದೆ ಎಂದು ಸಿಸ್ಟರ್ ಬರೆದಿಟ್ಟಿದ್ದರು. "ಈ ರಾಶಿಯಲ್ಲಿ ಯಾರು ಹುಡುಕ್ತಾರೆ? ವಿಷಯವಾರು ವಿಂಗಡಿಸಿ, ಏಳನೇ ನಂಬರಿನದು ಒಂದು ಕಡೆ ಸಿಗಲಿ" ಎಂದಿದ್ದರು ಆ ಹೆಂಗಸಿನ ವಕೀಲರು. ಅದಕ್ಕೇ ಶನಿವಾರ ಪೂರ್ತಿ ಮನೆಯಲ್ಲಿ ವಿಂಗಡಣೆಯ ಗಲಾಟೆ.

ಲೈಬ್ರರಿ ಮೇಡಂ ಕೆಳಗಿಳಿದು ಬಂದರು. ನಲವತ್ತು ವರ್ಷ ಪುಸ್ತಕಗಳನ್ನು ವಿಂಗಡಿಸಿದ ಜೀವ. ಕುರ್ಚಿ ಎಳೆದುಕೊಂಡು ಕೂತರು.

"ಪಾಸ್‌ವರ್ಡ್ ಯಾರ್ಯಾರ ಹತ್ರ ಇದೆ?"

"ಎಲ್ಲರ ಹತ್ರಾನೂ! ಅಲ್ಲೇ ಅಂಟಿಸಿದೀನಲ್ಲ," ಸಿಸ್ಟರ್ ಪರದೆಯ ಅಂಚಿನ ಚೀಟಿ ತೋರಿಸಿದರು. "ಐದಕ್ಕೆ ನಾನು ಆ ಹೆಂಗಸಿನ ಮನೆಗೆ ಹೋದೆ. ಏಳಕ್ಕೆ ಬಂದೆ. ಆಮೇಲೆ ಇದನ್ನ ಮುಟ್ಟಿಲ್ಲ. ನಡುವೆ ಇಲ್ಲಿದ್ದೋರು ಇವರಿಬ್ಬರು, ಮತ್ತೆ ನಮ್ಮ ಮೇಷ್ಟ್ರು."

"ಅವರನ್ನೂ ಕರೀರಿ."

ಎದುರು ಬೀದಿಯ ಮೇಷ್ಟ್ರು ಹತ್ತು ನಿಮಿಷದಲ್ಲಿ ಬಂದರು. ಹನ್ನೊಂದು ವರ್ಷದಿಂದ ಸಿಸ್ಟರ್ ಬರೆದ ಒಂದೊಂದು ಸಾಲೂ ಅವರ ಕಣ್ಣು ದಾಟಿಯೇ ಹೊರಗೆ ಹೋಗುತ್ತಿತ್ತು. "ನಿಮ್ಮ ಯಾವ ಬರಹದಲ್ಲಿ ಯಾವ ಅಲ್ಪವಿರಾಮ ಹಾಕಿಸಿದೆ, ಕೇಳಿ ಹೇಳ್ತೀನಿ" ಎಂದು ಜಂಬ ಕೊಚ್ಚುವ ಮನುಷ್ಯ. ಸುದ್ದಿ ಕೇಳಿ ತಲೆ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ! ಮಕ್ಕಳ ಕೈಗೆ ಕೊಟ್ಟರೆ ಹೀಗೇ ಆಗೋದು ಸಿಸ್ಟರ್. ಹುಡುಗಿ ವಿಭಾಗ ಬದಲಾಯಿಸೋಕೆ ಹೋಗಿ ಬರಹಾನೇ ಅಳಿಸಿರಬೇಕು."

ಅಣ್ಣನ ಮಗಳ ಮುಖ ಕೆಂಪಗಾಯಿತು. "ನಾನು ಆ ವಿಭಾಗ ಮುಟ್ಟೇ ಇಲ್ಲ!"

"ನಿನ್ನೆ ಎರಡು ಸಲ 'ಅಯ್ಯೋ ಹೋಯ್ತು' ಅಂದೆಯಲ್ಲ?"

"ಅದು ಕರೆಂಟು ಮೇಷ್ಟ್ರೇ!"

"ಬಾಯ್ಮುಚ್ಚೇ!" ಸಿಸ್ಟರ್ ಗದರಿದರು. ಸಿಟ್ಟಿಗೆ ಕಣ್ಣು ಕಾಣುತ್ತಿರಲಿಲ್ಲ. "ಅಲ್ಲಿ ಒಬ್ಬಳು ಎಡಗೈಲಿ ಮಗೂಗೆ ಅಂಗಿ ಗುಂಡಿ ಹಾಕೋಕೆ ಒದ್ದಾಡ್ತಿದಾಳೆ. ನಿನ್ನೆ ನೋಡಿ ಬಂದೆ. ನಾಳೆ ಅವಳಿಗೆ ಏನಂತ ಮುಖ ತೋರಿಸಲಿ? ಹೇಳು!"

ಹುಡುಗಿ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

"ತಾಳಿ ಸಿಸ್ಟರ್," ಮೇಡಂ ಅಡ್ಡ ಬಂದರು. "ಈಗ ಒಟ್ಟು ಎಷ್ಟು ಬರಹ ತೋರಿಸ್ತಿದೆ?"

"ಎರಡು ಸಾವಿರದ ನೂರ ಇಪ್ಪತ್ತೊಂದು."

"ಅಂದ್ರೆ ಹತ್ತೊಂಬತ್ತು ಕಮ್ಮಿ. ವಿಭಾಗದಲ್ಲಿ ಇದ್ದದ್ದು ಹದಿನೆಂಟು. ಇನ್ನೊಂದು ಯಾವುದು?"

ಯಾರೂ ಲೆಕ್ಕ ಹಾಕಿರಲಿಲ್ಲ. ಹುಡುಗಿ ವಿಂಗಡಣೆಗೆಂದು ಮುದ್ರಿಸಿಕೊಂಡಿದ್ದ ತಲೆಬರಹಗಳ ಪಟ್ಟಿ ತಂದಳು. ಅರ್ಧ ತಾಸು ಹಿಡಿಯಿತು. ಕೊನೆಗೆ ಸಿಕ್ಕಿತು: 'ಮೊಣಕಾಲು ನೋವು'.

"ಇದನ್ನ ನೀನು ಎಲ್ಲಿ ಹಾಕಿದ್ದೆಯಮ್ಮ?" ಮೇಡಂ ಕೇಳಿದರು.

"ಮನೆಮದ್ದು ವಿಭಾಗದಲ್ಲಿ."

"ಓದಿದ್ದೆಯಾ?"

ಹುಡುಗಿ ತಲೆ ತಗ್ಗಿಸಿದಳು. "ಎರಡು ಸಾವಿರ ಬರಹ ಓದ್ತಾ ಕೂತ್ರೆ ಆಗತ್ತಾ? ತಲೆಬರಹ ನೋಡಿ ಹಾಕ್ದೆ."

ಮೇಡಂ ಅವಳ ಪಟ್ಟಿಯ ಮೇಲೆ ಬೆರಳಾಡಿಸಿದರು. 'ತಲೆಗೂದಲ ಆರೈಕೆ' ಸೌಂದರ್ಯ ವಿಭಾಗಕ್ಕೆ ಹೋಗಿತ್ತು. ಸಿಸ್ಟರ್ ಹಣೆ ಚಚ್ಚಿಕೊಂಡರು. "ಹುಡುಗೀ, ಆ ಮಗಳ ನೆತ್ತಿ ಚರ್ಮ ಕಿತ್ತು ಬಂದಿತ್ತಲ್ಲೇ!"

"ಹಾಗಾದ್ರೆ ಹಾಗೆ ಹೆಸರಿಡಬೇಕಪ್ಪ ಅತ್ತೆ!"

ಮೇಡಂ ತಮ್ಮನ ಕಡೆ ತಿರುಗಿದರು. "ಹದಿನೆಂಟನ್ನ ಹುಡುಕಿದ್ದು ನೀವಾ?"

"ಹೂಂ. 'ಏಳನೇ ನಂಬರ್' ಅಂತ ಹೊಡೆದು ಸರ್ಚ್ ಕೊಟ್ಟೆ. ಹದಿನೆಂಟು ಬಂತು. ಎಲ್ಲ ಒಂದು ಕಡೆ ಸೇರಿಸಿ, ವಕೀಲರಿಗೆ ಅಂತ ಚೀಟೀಲಿ ಬರೆದೆ. ಇಗೋ."

"ಇದರಲ್ಲಿ ಮೊಣಕಾಲು ಇಲ್ಲ?"

"ಅದ್ಯಾಕಿರತ್ತೆ? ಅದೂ ಹೋಗಿದ್ರೆ ಕೈತಪ್ಪಿ ಹೋಗಿರ್ಬೇಕು. ಅಕ್ಕ, ಬೈಬೇಡ, ನಿನ್ನ ಬ್ಲಾಗ್ ನಾನು ಒಂದೂ ಪೂರ್ತಿ ಓದಿಲ್ಲ."

"ಹದಿನಾಲ್ಕು ವರ್ಷ! 'ಚೆನ್ನಾಗಿತ್ತು ಅಕ್ಕ' ಅಂತ ಪ್ರತಿಸಲ ಹೇಳ್ತಿದ್ಯಲ್ಲೋ, ಮೂಳ!"

ಮೇಡಂ ನಗಲಿಲ್ಲ. "ಮೇಷ್ಟ್ರೇ, ನೀವೇನಂತೀರಿ?"

"ನನ್ನದೂ ಅದೇ ಅಭಿಪ್ರಾಯ. ಮೊಣಕಾಲು ನೋವಿಗೂ ಯಂತ್ರಕ್ಕೂ ಏನ್ರೀ ಸಂಬಂಧ? ಕೈತಪ್ಪು."

"ಸಿಸ್ಟರ್, ಆ ಬರಹದಲ್ಲಿ ಏನಿತ್ತು?"

ಸಿಸ್ಟರ್ ಕಣ್ಣು ಮುಚ್ಚಿದರು. ನಾಲ್ಕು ವರ್ಷದ ಹಿಂದಿನದು. ಮೊದಲಿಗೆ ಮೊಣಕಾಲು, ಬಿಸಿನೀರಿನ ಶಾಖ, ಮುಲಾಮು... ಆಮೇಲೆ? ಆ ನೋವಿನಲ್ಲೇ ಮೂರು ಮಹಡಿ ಹತ್ತಿ ಮ್ಯಾನೇಜರ್ ಕೋಣೆಗೆ ಹೋಗಿದ್ದು. ಯಾಕೆ ಹೋಗಿದ್ದು?

ಅವರು ಧಡಕ್ಕನೆ ಎದ್ದು ನಿಂತರು. "ದೂರು ಕೊಡೋಕೆ! ಗಾರ್ಡ್ ಕಿತ್ತಿಟ್ಟಿದಾರೆ, ವಾಪಸ್ ಹಾಕ್ಸಿ ಅಂತ! ಕೊನೇ ಪ್ಯಾರಾದಲ್ಲಿ ಬರೆದಿದ್ದೆ. ಕಿತ್ತಿಸಿದ್ದು ಮೇಲ್ವಿಚಾರಕ ಅಂತಾನೂ ಬರೆದಿದ್ದೆ. ಸಿಟ್ಟಲ್ಲಿ ನಂಬರ್ ಬರೀಲಿಲ್ಲ. 'ಆ ಪಿಶಾಚಿ' ಅಂತ ಬಿಟ್ಟಿದ್ದೆ."

"ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅದೇ," ಎಂದರು ಮೇಡಂ. "ಕೈತಪ್ಪು ಅಂತ ನಾವೆಲ್ಲ ಬಿಟ್ಟುಬಿಟ್ಟಿದ್ದೂ ಅದನ್ನೇ. ಈಗ ನೋಡಿ. ತಲೆಬರಹ ಓದಿದೋಳಿಗೆ ಅದು ಮನೆಮದ್ದು. ಸರ್ಚ್ ಮಾಡಿದೋರಿಗೆ ಅದು ಸಿಗೋದೇ ಇಲ್ಲ. ಇವರಿಬ್ಬರಲ್ಲಿ ಯಾರು ಅಳಿಸಿದ್ರೂ ಹದಿನೆಂಟೇ ಹೋಗಬೇಕಿತ್ತು. ಹತ್ತೊಂಬತ್ತನೇದನ್ನ ಹುಡುಕಿ ತೆಗೆಯೋಕೆ ಅದರ ಕೊನೇ ಪ್ಯಾರಾ ಗೊತ್ತಿರಬೇಕು. ಬರೆದೋರೇ ಮರೆತಿದ್ರು. ಇನ್ನೊಬ್ಬರಿಗೆ ಅಲ್ಪವಿರಾಮ ಸಮೇತ ಜ್ಞಾಪಕ ಇರತ್ತೆ."

ಎಲ್ಲರ ಕಣ್ಣೂ ಮೇಷ್ಟ್ರ ಕಡೆ ಹೊರಳಿತು.

"ಓದದವರು 'ಗೊತ್ತಿಲ್ಲ' ಅಂದ್ರೆ ನಂಬಬಹುದು ಮೇಷ್ಟ್ರೇ. ಓದಿ ತಿದ್ದಿದ ನೀವು 'ಏನು ಸಂಬಂಧ' ಅಂದಿರಲ್ಲ, ಯಾಕೆ?"

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ಸಿಸ್ಟರ್ ಅವರನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದ ಸ್ನೇಹ. ಇಲ್ಲ ಅನ್ನಲಿ, ಒಂದು ಸಲ ಇಲ್ಲ ಅನ್ನಲಿ ಎಂದು ಅವರ ಮನಸ್ಸು ಬಡಿದುಕೊಳ್ಳುತ್ತಿತ್ತು.

"ಮಾತಾಡ್ರೀ!"

"ಆ ಮೇಲ್ವಿಚಾರಕ ನನ್ನ ಅಳಿಯ," ಮೇಷ್ಟ್ರ ದನಿ ಹೂತುಹೋಗಿತ್ತು.

"ಅಳಿಯಂದಿರು ಪ್ಯಾಕಿಂಗ್‌ನಲ್ಲಿದಾರೆ ಅಂತಿದ್ರಿ?"

"ಅದು ಮೊದಲು. ಐದು ವರ್ಷದಿಂದ ಅವನು ತಗಡು ಕತ್ತರಿಸೋ ಕಡೆ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ಕೆಲಸ ಬೇಗ ಸಾಗಲಿ ಅಂತ ಗಾರ್ಡ್ ತೆಗೆಸಿದ. ನಾಳೆ ಅದು ಹೊರಗೆ ಬಂದ್ರೆ ಅವನು ಜೈಲಿಗೆ. ಮಗಳು ಬಂದು ಕಾಲು ಹಿಡಿದಳು ಸಿಸ್ಟರ್."

"ಅದಕ್ಕೆ ನನ್ನ ಸೋದರಸೊಸೆ ತಲೆಗೆ ಕಟ್ಟಿದ್ರಾ? ಹೆತ್ತವರ ಸಂಕಟ ಹೇಳಿಕೊಂಡಿದ್ರೆ ಕೂತು ಅಳ್ತಿದ್ದೆ ಕಣ್ರೀ ನಿಮ್ಮ ಜೊತೆ! ಕಳ್ಳತನ ಮಾಡಿ, ಮಗು ಮೇಲೆ ಹೇರಿ, ಅಯ್ಯೋ ಅಂತ ನಾಟಕ ಬೇರೆ! ನಾಚಿಕೆ ಆಗಲ್ವಾ?"

ಮೇಷ್ಟ್ರು ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. "ಹತ್ತೊಂಬತ್ತೂ ಇದರಲ್ಲಿದೆ. ತಿದ್ದಿದ ಕೈ, ಪೂರ್ತಿ ಹಾಳು ಮಾಡೋಕೆ ಆಗಲಿಲ್ಲ."

ಕೈಚಾಚಿದ ತಮ್ಮ ಅರ್ಧದಲ್ಲೇ ನಿಂತ. "ಆದ್ರೆ ಅಕ್ಕ, ಇವತ್ತು ಮತ್ತೆ ಹಾಕಿದ್ರೆ ಕಾರ್ಖಾನೆಯವರ ವಕೀಲ ಬಿಡ್ತಾನಾ? ನಿನ್ನೆ ಮೊನ್ನೆ ಕೂತು ಬರೆದದ್ದು ಅಂತಾನೆ."

ಸಿಸ್ಟರ್ ಮೊದಲು ಅಣ್ಣನ ಮಗಳ ಬಳಿ ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. "ತಪ್ಪಾಯ್ತು ಕಣೇ. ನಿನ್ನ ಮೇಲೆ ಹರಿಹಾಯ್ದೆ." ಹುಡುಗಿ ಆಗ ಅತ್ತಳು.

ಆಮೇಲೆ ಸಿಸ್ಟರ್ ಮೇಷ್ಟ್ರ ಎದುರು ಬಂದು ನಿಂತರು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಇವೆಲ್ಲ ಆಯಾ ಕಾಲದಲ್ಲೇ ಬರೆದದ್ದು ಅಂತ ಹೇಳೋಕೆ ನನ್ನ ಬಿಟ್ರೆ ಒಬ್ಬರೇ ಇರೋದು. ಬರೆದ ದಿನಾನೇ ಓದಿದೋರು."

"ಸಿಸ್ಟರ್, ನನ್ನ ಮಗಳು..."

"ನಿಮ್ಮ ಮಗಳಿಗೆ ಹತ್ತು ಬೆರಳಿದೆ."

ಮೇಷ್ಟ್ರು ಪೆನ್‌ಡ್ರೈವನ್ನು ಸಿಸ್ಟರ್ ಕಡೆ ಸರಿಸಿದರು. ಕೊನೆಗೆ ಕೇಳಿದರು, "ಎಷ್ಟು ಗಂಟೆಗೆ ಬರಲಿ?"

"ಹತ್ತಕ್ಕೆ. ನನ್ನ ಪಕ್ಕ ಕೂರಬೇಡಿ. ಅವಳ ಎದುರಿಗೆ ಕೂತು, ಆ ಕೈ ನೋಡ್ತಾ ಹೇಳಿ."